ಬೊಜ್ಜಿನ ಶಸ್ತ್ರಚಿಕಿತ್ಸೆಯಾದ ಮೇಲೆ ನರಗಳನ್ನು ಕಾಯ್ದುಕೊಳ್ಳುವ ಬಗೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಊರಿಗೆ ಮರಳಿದವರ ಮನೆಯಲ್ಲಿ ಮೊದಲ ಕೆಲವು ದಿನ ಎಲ್ಲರ ಕಣ್ಣು ಹೊಟ್ಟೆಯ ಹೊಲಿಗೆಯ ಮೇಲಿರುತ್ತದೆ. ಹೊಲಿಗೆ ಮಾಯುತ್ತದೆ, ತೂಕ ಇಳಿಯತೊಡಗುತ್ತದೆ, ಸಕ್ಕರೆ ಕಾಯಿಲೆಯ ಗುಳಿಗೆಗಳು ಒಂದೊಂದಾಗಿ ಕಡಿಮೆಯಾಗುತ್ತವೆ, ಅಪಾಯ ಮುಗಿಯಿತೆಂದು ಮನೆಯವರು ನಿರಾಳರಾಗುತ್ತಾರೆ. ನರಗಳ ತೊಂದರೆ ತಲೆಯೆತ್ತುವುದು ಇಲ್ಲಿಂದ ಮುಂದೆ. ಕೆಲವರಿಗೆ ಒಂದೆರಡು ತಿಂಗಳಲ್ಲಿ, ಕೆಲವರಿಗೆ ಎರಡು ಮೂರು ವರ್ಷಗಳ ಮೇಲೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದ ದೂರದಲ್ಲಿ, ರೋಣದ ಅಥವಾ ಹಾನಗಲ್ಲಿನ ಒಂದು ಮನೆಯಲ್ಲಿ ಅದು ಶುರುವಾಗುತ್ತದೆ. ಅದನ್ನು ಮೊದಲು ಕಾಣುವವರು ಹೆಂಡತಿ, ಗಂಡ, ಮಗಳು, ಸೊಸೆ. ಅವರು ಏನನ್ನು ನೋಡಬೇಕು, ನೋಡಿದ ಮೇಲೆ ಯಾರಿಗೆ ಏನು ಹೇಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಶಸ್ತ್ರಚಿಕಿತ್ಸೆಗೆ ಹೆದರಬೇಕೆಂಬುದು ನನ್ನ ಉದ್ದೇಶವಲ್ಲ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದ ಅನೇಕರಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಶಸ್ತ್ರಚಿಕಿತ್ಸೆಯಾದ 435 ಜನರಲ್ಲಿ 71 ಮಂದಿಗೆ, ಎಂದರೆ ನೂರಕ್ಕೆ ಸುಮಾರು 16 ಜನರಿಗೆ, ಕೈಕಾಲಿನ ನರಗಳ ತೊಂದರೆ ಕಂಡಿತ್ತು. ಹೋಲಿಕೆಗಾಗಿ ನೋಡಿದ, ಪಿತ್ತಕೋಶ ತೆಗೆಸಿಕೊಂಡ ಬೊಜ್ಜಿನವರಲ್ಲಿ ಅದು ನೂರಕ್ಕೆ ಮೂರರಷ್ಟಿತ್ತು. ತೀರ ಬೇಗನೆ ತೂಕ ಕಳೆದುಕೊಂಡವರು, ಬಹುಕಾಲ ವಾಂತಿ-ಭೇದಿಯಿಂದ ನರಳಿದವರು ಮತ್ತು ಶಸ್ತ್ರಚಿಕಿತ್ಸೆಯ ನಂತರ ಆಹಾರ ತಜ್ಞರ ಭೇಟಿಗೆ ಹೋಗದೆ ಉಳಿದವರು ಹೆಚ್ಚಾಗಿ ಈ ತೊಂದರೆಗೆ ಸಿಕ್ಕಿದ್ದರು. ಈ ಮೂರರಲ್ಲಿ ಕೊನೆಯದು ಪೂರ್ತಿ ನಮ್ಮ ಕೈಯಲ್ಲಿದೆ, ಮೊದಲೆರಡನ್ನು ಗಮನಿಸುವುದೂ ನಮ್ಮ ಕೈಯಲ್ಲಿದೆ.

ಕಾರಣ ಸರಳ. ಸ್ಲೀವ್ ಎಂಬ ಬಗೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಸಣ್ಣ ಕೊಳವೆಯಂತೆ ಹೊಲಿಯುತ್ತಾರೆ. ಬೈಪಾಸ್‌ನಲ್ಲಿ ಜಠರವನ್ನು ಕಿರಿದು ಮಾಡುವುದರ ಜೊತೆಗೆ ಸಣ್ಣಕರುಳಿನ ಆರಂಭದ ಭಾಗವನ್ನು ಆಹಾರದ ದಾರಿಯಿಂದ ಬದಿಗೆ ಸರಿಸುತ್ತಾರೆ. ಊಟ ಕಡಿಮೆಯಾಗುತ್ತದೆ, ಉಂಡದ್ದರಲ್ಲಿ ಹೀರಿಕೆಯಾಗುವುದೂ ಕಡಿಮೆಯಾಗುತ್ತದೆ, ಮತ್ತು ಮಿದುಳು, ಬೆನ್ನುಹುರಿ, ನರಗಳು ಈ ಕೊರತೆಯನ್ನು ಬಹಳ ದಿನ ಸಹಿಸುವುದಿಲ್ಲ. ಸ್ಲೀವ್ ಆದವರಿಗೆ ಕರುಳು ಹಾಗೇ ಇದೆ, ಅವರಿಗೆ ಭಯವಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ನಂಬಬಾರದು. ವಾಂತಿ ನಿಲ್ಲದಿದ್ದರೆ ಸ್ಲೀವ್ ಆದವರೂ ಬೈಪಾಸ್ ಆದವರಷ್ಟೇ ಅಪಾಯದಲ್ಲಿದ್ದಾರೆ.

ಮೊದಲ ಮೂರು ತಿಂಗಳು: ವಾಂತಿ ಮತ್ತು ಥಯಮಿನ್

ಎಲ್ಲಕ್ಕಿಂತ ಬೇಗನೆ ಬರುವ, ಎಲ್ಲಕ್ಕಿಂತ ಹೆಚ್ಚು ಕೆಡಿಸುವ, ಸಕಾಲದಲ್ಲಿ ಗುರುತಿಸಿದರೆ ಎಲ್ಲಕ್ಕಿಂತ ಸುಲಭವಾಗಿ ತಡೆಯಬಹುದಾದ ಕೊರತೆಯೆಂದರೆ ಬಿ1 ಜೀವಸತ್ವದ್ದು, ಎಂದರೆ ಥಯಮಿನ್‌ನದು. ನಮ್ಮ ಮೈಯಲ್ಲಿ ಅದರ ಸಂಗ್ರಹ ಇರುವುದೇ ಸುಮಾರು 30 ಮಿಲಿಗ್ರಾಂ. ಹೊರಗಿನಿಂದ ಬರುವುದು ನಿಂತರೆ ಎರಡು ಮೂರು ವಾರಗಳಲ್ಲಿ ಅದು ತಳ ಕಾಣುತ್ತದೆ. ಸಕ್ಕರೆಯನ್ನು ಶಕ್ತಿಯಾಗಿ ಬಳಸಿಕೊಳ್ಳಲು ಮಿದುಳಿನ ಜೀವಕೋಶಗಳಿಗೆ ಥಯಮಿನ್ ಬೇಕೇ ಬೇಕು. ಅದು ತೀರಿದಾಗ ಮಿದುಳಿನ ಒಳಭಾಗದ ಕೆಲವು ಜಾಗಗಳು ಹಾಳಾಗತೊಡಗುತ್ತವೆ; ಜರ್ಮನಿಯ ಕಾರ್ಲ್ ವರ್ನಿಕೆ 1881ರಲ್ಲಿ ಇದನ್ನು ವಿವರಿಸಿದ್ದರಿಂದ ವರ್ನಿಕೆ ಎನ್ಸೆಫಲೋಪತಿ ಎಂಬ ಹೆಸರು ಬಂದಿದೆ. ಇದು ಕುಡುಕರ ಕಾಯಿಲೆ ಎಂದು ಅನೇಕರ, ಕೆಲವು ವೈದ್ಯರ ಮನಸ್ಸಿನಲ್ಲಿಯೂ ಕುಳಿತುಬಿಟ್ಟಿದೆ. ಜನ್ಮದಲ್ಲಿ ಒಂದು ಹನಿ ಕುಡಿಯದ ಹೆಣ್ಣುಮಗಳಿಗೂ ಶಸ್ತ್ರಚಿಕಿತ್ಸೆಯ ನಂತರದ ವಾಂತಿಯಿಂದ ಇದು ಬರುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಹನ್ನೆರಡು ವಾರಗಳ ನಡುವೆ.

ಆದ್ದರಿಂದ ಮೊದಲ ಮೂರು ತಿಂಗಳು ವಾಂತಿಯ ಲೆಕ್ಕ ಇಡಿ. ಅವಸರದಲ್ಲಿ ಉಂಡಾಗ, ಸರಿಯಾಗಿ ಅಗಿಯದೆ ನುಂಗಿದಾಗ ಒಮ್ಮೆ ವಾಂತಿಯಾಗುವುದು ಬೇರೆ. ದಿನವೂ ವಾಂತಿಯಾಗುವುದು, ನೀರೂ ನಿಲ್ಲದಿರುವುದು, ಎರಡು ಮೂರು ದಿನ ಅದು ಮುಂದುವರಿಯುವುದು ಬೇರೆ. ಎರಡನೆಯದು ಕಂಡರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಅದೇ ದಿನ ಫೋನ್ ಮಾಡಬೇಕು. ಹೊಲಿದ ಜಾಗ ಕಿರಿದಾಗಿರಬಹುದು, ಹುಣ್ಣಾಗಿರಬಹುದು. ದುರ್ಬೀನು ಹಾಕಿ ನೋಡದೆ ಅದು ತಿಳಿಯುವುದಿಲ್ಲ. ‘ಗ್ಯಾಸ್ ಆಗೇತಿ, ಹೋಗ್ತದ’ ಎಂದು ವಾರಗಟ್ಟಲೆ ಕಾಯುವುದು ಈ ಕಾಯಿಲೆಗೆ ಬಾಗಿಲು ತೆರೆದಿಟ್ಟಂತೆ. ಈ ದಿನಗಳಲ್ಲಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಗಂಜಿಯೊಂದನ್ನೇ ಕೊಡುವ ರೂಢಿಯೂ ಒಳ್ಳೆಯದಲ್ಲ, ಏಕೆಂದರೆ ಅಕ್ಕಿಯ ಥಯಮಿನ್ ಬಹುಪಾಲು ಅದರ ತೌಡಿನ ಜೊತೆಗೇ ಹೋಗಿರುತ್ತದೆ. ಮೆತ್ತಗೆ ಕುದಿಸಿದ ಜೋಳದ ನುಚ್ಚು, ಹೆಸರುಬೇಳೆಯ ಕಟ್ಟು ಮೇಲು, ಆದರೆ ಅವು ಔಷಧಿಗೆ ಬದಲಿಯಾಗಲಾರವು.

ಮಿದುಳಿಗೆ ಪೆಟ್ಟು ಬೀಳತೊಡಗಿರುವುದನ್ನು ತಿಳಿಯಲು ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಕಣ್ಣು: ಒಂದು ವಸ್ತು ಎರಡಾಗಿ ಕಾಣುತ್ತದೆಯೇ ಎಂದು ಕೇಳಿ, ತಲೆ ಅಲುಗಾಡಿಸದೆ ನಿಮ್ಮ ಬೆರಳನ್ನು ಎಡಕ್ಕೆ ಬಲಕ್ಕೆ ಕಣ್ಣಿನಿಂದಷ್ಟೇ ಹಿಂಬಾಲಿಸಲು ಹೇಳಿ. ಕಣ್ಣುಗುಡ್ಡೆ ಅದುರುತ್ತಿದ್ದರೆ ಅಥವಾ ಒಂದು ಬದಿಗೆ ಹೊರಳದಿದ್ದರೆ ಅದು ಗಂಭೀರ ಸೂಚನೆ. ಎರಡನೆಯದು ನಡಿಗೆ: ಕಾಲುಗಳನ್ನು ಅಗಲಿಸಿ, ಗೋಡೆ ಹಿಡಿದು, ತೂರಾಡುತ್ತ ನಡೆಯುತ್ತಾರೆಯೇ? ಮೂರನೆಯದು ಬುದ್ಧಿಯ ಸ್ಥಿತಿ: ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದಿರಿ, ಮನೆಗೆ ಯಾರು ಬಂದಿದ್ದರು ಎಂಬ ಸಾದಾ ಪ್ರಶ್ನೆಗಳಿಗೆ ತಡವರಿಸುತ್ತಾರೆಯೇ, ಸುಮ್ಮನೆ ಮಂಕಾಗಿ ಕುಳಿತಿರುತ್ತಾರೆಯೇ? ಮೂರೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ವಾಂತಿಯ ಹಿನ್ನೆಲೆಯಲ್ಲಿ ಇವುಗಳಲ್ಲಿ ಒಂದೇ ಒಂದು ಕಂಡರೂ ಹೊರಡಲು ಅಷ್ಟು ಸಾಕು. ಮಂಕುತನವನ್ನು ನಿಶ್ಶಕ್ತಿಯೆಂದೋ ಮನಸ್ಸಿನ ಬೇಸರವೆಂದೋ ಮನೆಯವರು ತಳ್ಳಿಹಾಕುವುದು ಸಹಜ, ಮತ್ತು ಅಲ್ಲಿಯೇ ಹೆಚ್ಚಿನ ಹೊತ್ತು ಕಳೆದುಹೋಗುತ್ತದೆ. ಇದಕ್ಕೆ ಸೇರಿಸಬೇಕಾದ ಇನ್ನೊಂದು ರೂಪವಿದೆ: ಕೆಲವರಿಗೆ ಮಿದುಳಿಗಿಂತ ಮೊದಲು ಕಾಲಿನ ನರಗಳು ಸೋಲುತ್ತವೆ, ಪಾದದ ಉರಿ ಮತ್ತು ಜೋಮಿನಿಂದ ಶುರುವಾಗಿ ಕೆಲವೇ ದಿನಗಳಲ್ಲಿ ಕೂತಲ್ಲಿಂದ ಏಳಲಾಗದ ಸ್ಥಿತಿ ಬರುತ್ತದೆ.

ಈಗ ನಮ್ಮ ಭಾಗದ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ವಾಂತಿಯಾಗಿ ನಿತ್ರಾಣರಾದವರನ್ನು ಹತ್ತಿರದ ದವಾಖಾನೆಗೆ ಕರೆದೊಯ್ದು ‘ಒಂದು ಗ್ಲುಕೋಸ್ ಬಾಟ್ಲಿ ಹಚ್ಚ್ರಿ’ ಎಂದು ನಾವೇ ಕೇಳುತ್ತೇವೆ. ಥಯಮಿನ್ ತೀರಿದ ಮೈಗೆ ಬರಿ ಗ್ಲುಕೋಸ್ ಏರಿಸಿದರೆ, ಆ ಸಕ್ಕರೆಯನ್ನು ಬಳಸಲು ಉಳಿದಿದ್ದ ಚೂರುಪಾರು ಥಯಮಿನ್ನೂ ಖರ್ಚಾಗಿ, ಕಾಯಿಲೆ ಕೆಲವೇ ಗಂಟೆಗಳಲ್ಲಿ ಉಲ್ಬಣಿಸಬಹುದು. ಮೊದಲು ಥಯಮಿನ್, ಆಮೇಲೆ ಗ್ಲುಕೋಸ್ ಎಂಬುದು ಇಲ್ಲಿ ಪಾಲಿಸಬೇಕಾದ ಕ್ರಮ. ನೀರಿನಂಶ ತುಂಬಲು ಸಕ್ಕರೆ ಇಲ್ಲದ ಸಾದಾ ಸಲೈನ್ ಕೊಡಲು ಅಡ್ಡಿಯಿಲ್ಲ. ರಕ್ತದ ಸಕ್ಕರೆ ತೀರ ಕುಸಿದಿದ್ದರೆ ಮಾತ್ರ ಗ್ಲುಕೋಸನ್ನು ತಡೆಯುವಂತಿಲ್ಲ. ಆಗ ಎರಡನ್ನೂ ಒಟ್ಟಿಗೇ ಕೊಡುತ್ತಾರೆ.

ವೈದ್ಯರಿಗೆ ಇದನ್ನು ಹೇಳುವುದು ಉದ್ಧಟತನವಲ್ಲ, ಅವರಿಗೆ ಗೊತ್ತಿಲ್ಲದ ಹಿನ್ನೆಲೆಯನ್ನು ಒದಗಿಸುವುದು. ನಮ್ಮ ಮಾತಿನಲ್ಲಿಯೇ ಹೀಗೆ ಹೇಳಬಹುದು: ‘ಸರ್, ಇವರಿಗೆ ಹೊಟ್ಟಿ ಸಣ್ಣ ಮಾಡೋ ಆಪರೇಷನ್ ಆಗೇತ್ರಿ, ಎಂಟು ದಿನದಿಂದ ವಾಂತಿ ಐತ್ರಿ, ಗ್ಲುಕೋಸ್ ಹಚ್ಚೋಕಿಂತ ಮೊದಲ ಥಯಮಿನ್ ಇಂಜೆಕ್ಷನ್ ಬೇಕೇನು ನೋಡ್ರಿ.’ ಇದನ್ನು ಬಾಯಲ್ಲಿ ಹೇಳುವುದರ ಜೊತೆಗೆ ಒಂದು ಚೀಟಿಯಲ್ಲಿಯೂ ಬರೆದಿಡುವುದು ಒಳ್ಳೆಯದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಕಡೆಯಿಂದಲೇ, ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ, ಕನ್ನಡ ಇಂಗ್ಲಿಷ್ ಎರಡರಲ್ಲೂ ಬರೆಸಿ ಸಹಿ ಹಾಕಿಸಿಕೊಳ್ಳಿ:

‘ಇವರಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಿದೆ. ಬಗೆ: ಸ್ಲೀವ್ ಅಥವಾ ಬೈಪಾಸ್. ದಿನಾಂಕ. ವಾಂತಿ, ಗೊಂದಲ, ತೂರಾಟ, ಕಣ್ಣಿನ ತೊಂದರೆ ಅಥವಾ ಕಾಲಿನ ನಿಶ್ಶಕ್ತಿ ಇದ್ದರೆ ಗ್ಲುಕೋಸ್‌ಗೆ ಮೊದಲು ರಕ್ತನಾಳದ ಮೂಲಕ ಥಯಮಿನ್ ಕೊಡಿ. ರಕ್ತ ಪರೀಕ್ಷೆಯ ವರದಿಗಾಗಿ ಕಾಯಬೇಡಿ. ಮೆಗ್ನೀಸಿಯಮ್ ನೋಡಿ. ನೋವಿನ ಗುಳಿಗೆ ಕೊಡುವ ಮೊದಲು ನಮ್ಮನ್ನು ಕೇಳಿ.’ ಕೊನೆಗೆ ವೈದ್ಯರ ಫೋನ್ ನಂಬರು.

ಇದರ ಒಂದು ಫೋಟೊ ಮನೆಯ ಎಲ್ಲರ ಮೊಬೈಲಿನಲ್ಲಿಯೂ ಇರಲಿ. ವರದಿಗಾಗಿ ಕಾಯಬಾರದೆಂಬ ಮಾತಿಗೆ ಕಾರಣವಿದೆ: ಥಯಮಿನ್ ಪರೀಕ್ಷೆಯ ಫಲಿತಾಂಶ ಬರಲು ದಿನಗಳೇ ಬೇಕು, ಎಂಆರ್‌ಐ ಸರಿಯಾಗಿ ಕಂಡರೂ ಕಾಯಿಲೆ ಇಲ್ಲವೆಂದು ಹೇಳುವಂತಿಲ್ಲ, ಮತ್ತು ಥಯಮಿನ್ ಅಗ್ಗದ, ಬಹುಮಟ್ಟಿಗೆ ನಿರಪಾಯದ ಔಷಧಿ. ಮೈಗೆ ದಿನಕ್ಕೆ ಬೇಕಾಗುವುದು ಒಂದು ಒಂದೂವರೆ ಮಿಲಿಗ್ರಾಂ ಆದರೂ, ವರ್ನಿಕೆಯ ಶಂಕೆಯಿದ್ದಾಗ 200ರಿಂದ 500 ಮಿಲಿಗ್ರಾಂನಷ್ಟನ್ನು ದಿನಕ್ಕೆ ಮೂರು ಸಲ ರಕ್ತನಾಳದ ಮೂಲಕ ಕೊಡುವುದು ಚಿಕಿತ್ಸೆಯ ಪದ್ಧತಿ. ವಾಂತಿ ಮಾಡುತ್ತಿರುವವರಿಗೆ ಬಿ-ಕಾಂಪ್ಲೆಕ್ಸ್ ಗುಳಿಗೆ ನುಂಗಿಸಿ ಸಮಾಧಾನಪಡುವುದರಿಂದ ಉಪಯೋಗವಿಲ್ಲ. ಗದಗ ಅಥವಾ ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿರುವವರು ನರರೋಗ ತಜ್ಞರಿಗಾಗಿ ಹುಬ್ಬಳ್ಳಿಗೆ ಹೊರಡಬೇಕಾಗಬಹುದು; ಆ ದಾರಿ ಹಿಡಿಯುವ ಮೊದಲೇ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೋ ಜಿಲ್ಲೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಥಯಮಿನ್‌ನ ಮೊದಲ ಡೋಸ್ ಆಗಲಿ. ಪ್ರಜ್ಞೆ ಮಂಕಾಗುತ್ತಿದ್ದರೆ ಕಾರು ಹುಡುಕುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಬೇಗ ಚಿಕಿತ್ಸೆ ಸಿಕ್ಕರೆ ಕಣ್ಣಿನ ಚಲನೆ ಗಂಟೆಗಳಲ್ಲಿ, ಇಲ್ಲವೇ ಕೆಲವು ದಿನಗಳಲ್ಲಿ ಮರಳುತ್ತದೆ. ನಡಿಗೆ ಸುಧಾರಿಸಲು ವಾರಗಳು ಬೇಕು, ಕೆಲವರಿಗೆ ಅದು ಪೂರ್ತಿ ಸರಿಹೋಗುವುದಿಲ್ಲ. ತಡವಾದರೆ ಹೊಸ ನೆನಪುಗಳು ನಿಲ್ಲದ ಕೊರ್ಸಕಾಫ್ ಸ್ಥಿತಿ ಉಳಿದುಬಿಡಬಹುದು. ಅಂಥವರು ನಡೆಯದ ಸಂಗತಿಗಳನ್ನು ನಡೆದಂತೆ ಹೇಳಿದಾಗ ಸುಳ್ಳು ಹೇಳುತ್ತಿದ್ದಾರೆಂದು ಗದರಬೇಡಿ. ಮಿದುಳು ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತಿರುತ್ತದೆ.

ವರ್ಷಗಳ ಮೇಲೆ: ಬಿ12 ಮತ್ತು ತಾಮ್ರ

ಬಿ12 ಕೊರತೆಯದು ನಿಧಾನದ ನಡೆ. ಜಠರದ ಆಮ್ಲ ಆಹಾರದಿಂದ ಬಿ12 ಅನ್ನು ಬಿಡಿಸಬೇಕು, ಜಠರದ ಗೋಡೆಯಲ್ಲಿ ಹುಟ್ಟುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಅದನ್ನು ಹಿಡಿದು ಸಣ್ಣಕರುಳಿನ ಕೊನೆಯವರೆಗೆ ಮುಟ್ಟಿಸಬೇಕು. ಶಸ್ತ್ರಚಿಕಿತ್ಸೆಯಿಂದ ಈ ಎರಡೂ ಕುಗ್ಗುತ್ತವೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರುವುದರಿಂದ, ಹಗೇವಿನ ಜೋಳದಂತೆ, ತಳ ಕಾಣುವವರೆಗೆ ಕೊರತೆ ಯಾರಿಗೂ ತಿಳಿಯುವುದಿಲ್ಲ. ಆದರೆ ನಮ್ಮಲ್ಲಿ ಅನೇಕರ ದಾಸ್ತಾನು ಶಸ್ತ್ರಚಿಕಿತ್ಸೆಗೆ ಮೊದಲೇ ಅರೆಬರೆಯಾಗಿರುತ್ತದೆ. ಕಾಳು, ಪಲ್ಲೆ, ರೊಟ್ಟಿಗಳಲ್ಲಿ ಬಿ12 ಇಲ್ಲ. ಶಾಕಾಹಾರಿಗಳಿಗೆ ಅದು ಸಿಗುವುದು ಹಾಲು ಮೊಸರಿನಿಂದ ಮಾತ್ರ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ತೆಗೆದುಕೊಂಡ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆ ತೆಗೆದುಕೊಳ್ಳುವ ಪ್ಯಾಂಟಪ್ರಜೋಲ್ ಬಗೆಯ ಗುಳಿಗೆಗಳು ಇದನ್ನು ಇನ್ನಷ್ಟು ಇಳಿಸುತ್ತವೆ. ಆದ್ದರಿಂದ ಶಾಕಾಹಾರಿ ಮನೆಯವರು ಶಸ್ತ್ರಚಿಕಿತ್ಸೆಗೆ ಮೊದಲೇ ಬಿ12 ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ತುಂಬಿಸಿಕೊಂಡೇ ಮುಂದುವರಿಯಬೇಕೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಇದರ ಲಕ್ಷಣಗಳು ಪಾದದಿಂದ ಶುರುವಾಗುತ್ತವೆ. ಎರಡೂ ಪಾದಗಳಿಗೆ ಸಮನಾಗಿ ಜೋಮು ಹಿಡಿಯುತ್ತದೆ, ಹತ್ತಿಯ ಮೇಲೆ ನಡೆದ ಅನುಭವವಾಗುತ್ತದೆ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುವುದಿಲ್ಲ. ಬೆನ್ನುಹುರಿಯ ಹಿಂಭಾಗದ ನರತಂತುಗಳು ಸವೆದಂತೆ ಕಾಲು ಎಲ್ಲಿದೆಯೆಂಬ ಅರಿವು ಮಿದುಳಿಗೆ ಮುಟ್ಟುವುದಿಲ್ಲ. ಕಣ್ಣಿನ ನೆರವಿನಿಂದ ಅದನ್ನು ಸರಿದೂಗಿಸಿಕೊಳ್ಳುತ್ತಿದ್ದವರು ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ, ಕತ್ತಲಲ್ಲಿ ಹೊಲದ ಬದುವಿನ ಮೇಲೆ ನಡೆಯುವಾಗ ಬೀಳುತ್ತಾರೆ. ಮನೆಯಲ್ಲಿಯೇ ಇದನ್ನು ನೋಡಬಹುದು: ಎರಡೂ ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಪಕ್ಕದಲ್ಲಿ ಹಿಡಿಯಲು ಒಬ್ಬರು ನಿಲ್ಲಿ. ಕಣ್ಣು ತೆರೆದಾಗ ಗಟ್ಟಿಯಾಗಿ ನಿಂತವರು ಮುಚ್ಚಿದೊಡನೆ ತೂಗಿದರೆ ವೈದ್ಯರಿಗೆ ತಿಳಿಸಿ. ಈ ಜೋಮನ್ನು ಹಳೆಯ ಸಕ್ಕರೆ ಕಾಯಿಲೆಯ ಖಾತೆಗೆ ಹಾಕಿ ಸುಮ್ಮನಾಗುವವರು ಬಹಳ. ಶಸ್ತ್ರಚಿಕಿತ್ಸೆಯ ನಂತರ ಸಕ್ಕರೆ ಹತೋಟಿಗೆ ಬರುತ್ತಿದ್ದಾಗಲೂ ಜೋಮು ಮಾತ್ರ ಮೊಣಕಾಲಿನತ್ತ ಏರುತ್ತಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಬಿ12 ವರದಿ ಒಂದು ಮಿಲಿಲೀಟರ್ ರಕ್ತಕ್ಕೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಖಚಿತವೆನ್ನಬಹುದು. 200ರಿಂದ 300ರ ನಡುವೆ ಇದ್ದು ಲಕ್ಷಣಗಳೂ ಇದ್ದರೆ ‘ನಾರ್ಮಲ್ ಐತಿ’ ಎಂದು ಬಿಡದೆ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ ಬೇಕೇ ಎಂದು ಕೇಳಿ. ಲಕ್ಷಣಗಳಿಲ್ಲದವರಿಗೆ ತಡೆಯುವ ಪ್ರಮಾಣವೆಂದರೆ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಗುಳಿಗೆ ಅಥವಾ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್. ಅಂಗಡಿಯಲ್ಲಿ ಸಿಗುವ ಅನೇಕ ಬಿ-ಕಾಂಪ್ಲೆಕ್ಸ್ ಗುಳಿಗೆಗಳಲ್ಲಿ ಬಿ12 ಬಹಳ ಕಡಿಮೆ ಇರುವುದರಿಂದ ಪಟ್ಟಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿಯೇ ಕೊಳ್ಳಿ.

ಬಿ12 ಸರಿಯಿದ್ದೂ ಇದೇ ಬಗೆಯ ತೂರಾಟ, ಕಾಲಿನ ಬಿಗಿತ ಬಂದಿದ್ದರೆ, ಜೊತೆಗೆ ರಕ್ತಹೀನತೆ ಮತ್ತು ಬಿಳಿ ರಕ್ತಕಣಗಳ ಇಳಿಕೆ ಕಂಡರೆ, ತಾಮ್ರದ ಕೊರತೆಯನ್ನು ನೋಡಿಸಬೇಕು. ತಾಮ್ರ ಹೀರಿಕೆಯಾಗುವುದು ಜಠರ ಮತ್ತು ಸಣ್ಣಕರುಳಿನ ಮೊದಲ ಭಾಗದಲ್ಲಿ. ಬೈಪಾಸ್ ಬದಿಗೆ ಸರಿಸುವುದು ಅದೇ ಭಾಗವನ್ನು. ಶಸ್ತ್ರಚಿಕಿತ್ಸೆಯ ನಂತರ ಕೂದಲು ಉದುರುತ್ತದೆಂದು ಯಾರೋ ಹೇಳಿದ ಸತುವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವ ಹೆಣ್ಣುಮಕ್ಕಳಿದ್ದಾರೆ. ಸತು ಹೆಚ್ಚಾದಷ್ಟೂ ಕರುಳು ತಾಮ್ರವನ್ನು ಒಳಗೆ ಬಿಡುವುದಿಲ್ಲ. ಸತು ಬೇಕೇ ಆದರೆ 8ರಿಂದ 15 ಮಿಲಿಗ್ರಾಂ ಸತುವಿಗೆ ಒಂದು ಮಿಲಿಗ್ರಾಂ ತಾಮ್ರ ಜೊತೆಗಿರಬೇಕೆಂಬುದು ಪಾಲಿಸುವ ಪ್ರಮಾಣ. ತಾಮ್ರ ಕೊಟ್ಟಾಗ ರಕ್ತ ಬೇಗ ಸರಿಹೋಗುತ್ತದೆ. ನರ ಹಾಳಾಗುವುದು ನಿಲ್ಲುತ್ತದೆ, ಹಾಳಾದದ್ದು ಎಲ್ಲವೂ ಮರಳುವುದಿಲ್ಲ. ಬಿ6ನ್ನೂ ವಿಪರೀತ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಅದೇ ಜೋಮಿಗೆ ಕಾರಣವಾಗುತ್ತದೆ. ‘ನರದ ಶಕ್ತಿಗೆ’ ಎಂದು ಎರಡು ಮೂರು ಬಗೆಯ ಗುಳಿಗೆಗಳನ್ನು ಒಟ್ಟಿಗೆ ನುಂಗಬಾರದು ಎನ್ನುವುದು ಇದೇ ಕಾರಣಕ್ಕೆ.

ಒತ್ತಿಗೆ ಸಿಕ್ಕ ನರ, ಕುಸಿದ ಸಕ್ಕರೆ

ಜೀವಸತ್ವಗಳಿಗೆ ಸಂಬಂಧಿಸದ ಒಂದು ತೊಂದರೆಯನ್ನು ನಮ್ಮ ಕೂರುವ ರೂಢಿಯಿಂದಾಗಿ ಇಲ್ಲಿ ಹೇಳಬೇಕಾಗಿದೆ. ಮೊಣಕಾಲಿನ ಹೊರಬದಿಯಲ್ಲಿ, ಎಲುಬಿನ ಗಂಟಿನ ಮೇಲೆ ಒಂದು ನರ ಹಾದುಹೋಗುತ್ತದೆ. ಪಾದವನ್ನು ಮೇಲಕ್ಕೆತ್ತುವುದು ಅದರ ಕೆಲಸ. ಅದರ ಸುತ್ತಲಿನ ಕೊಬ್ಬಿನ ಮೆತ್ತೆ ತೂಕ ಬೇಗ ಇಳಿದಾಗ ಕರಗುತ್ತದೆ. ಆಗ ಕಾಲ ಮೇಲೆ ಕಾಲು ಹಾಕಿ, ಚಕ್ಕಳಬಕ್ಕಳ ಹಾಕಿ, ಅಥವಾ ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕೂತರೆ ನರ ಜಜ್ಜಿದಂತಾಗಿ ಪಾದ ಜೋಲುಬೀಳುತ್ತದೆ, ನಡೆಯುವಾಗ ಹೆಬ್ಬೆರಳು ನೆಲಕ್ಕೆ ಎಡವುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಹೊಲದಲ್ಲಿ ಕಳೆ ತೆಗೆಯುವವರು ಶಸ್ತ್ರಚಿಕಿತ್ಸೆಯ ನಂತರದ ಮೊದಲ ವರ್ಷ ಮಣೆಯ ಮೇಲೆ ಕಾಲು ಚಾಚಿ ಕೂರುವುದು, ಅರ್ಧ ಗಂಟೆಗೊಮ್ಮೆ ಎದ್ದು ನಡೆಯುವುದು ಒಳಿತು. ವಾರಕ್ಕೊಮ್ಮೆ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ. ಒಂದು ಪಾದ ಮೇಲೇಳದಿದ್ದರೆ ತಡಮಾಡಬೇಡಿ. ಒಂದೇ ಪಾದ ಜೋಲುಬಿದ್ದು ಬೇರೇನೂ ಇಲ್ಲದಿದ್ದರೆ ಒತ್ತಡ ತಪ್ಪಿಸಿದಾಗ ಬಹಳ ಜನರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ.

ಬೈಪಾಸ್ ಆಗಿ ವರ್ಷ ಕಳೆದವರಿಗೆ ಊಟವಾದ ಒಂದರಿಂದ ಮೂರು ಗಂಟೆಯೊಳಗೆ ಬೆವರು, ನಡುಕ, ತಲೆ ಗೊಂದಲ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು ಕಂಡರೆ ಅದನ್ನು ಮೂರ್ಛೆರೋಗವೆಂದು ತೀರ್ಮಾನಿಸುವ ಮೊದಲು, ಆ ಹೊತ್ತಿಗೇ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ ಬರೆದಿಡಿ. ಪೇಡೆ, ಹೋಳಿಗೆ, ಸಿಹಿ ಚಹಾ ಬರಿಹೊಟ್ಟೆಗೆ ಬಿದ್ದಾಗ ಹೀಗಾಗುವುದುಂಟು.

ಗುಳಿಗೆ ಬಿಟ್ಟವರು ಏನು ಮಾಡಬೇಕು

ಮೊದಲ ವರ್ಷ ಮೂರು, ಆರು ಮತ್ತು ಹನ್ನೆರಡನೆಯ ತಿಂಗಳಲ್ಲಿ, ಆಮೇಲೆ ಜೀವಮಾನವಿಡೀ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಪ್ರತಿವರ್ಷ ಮರೆಯದ ಒಂದು ದಿನಕ್ಕೆ, ಯುಗಾದಿಗೋ ದೀಪಾವಳಿಗೋ, ಅದನ್ನು ಜೋಡಿಸಿಕೊಂಡರೆ ತಪ್ಪುವುದಿಲ್ಲ. ಗುಳಿಗೆಗಳೂ ಜೀವಮಾನದವು. ತೂಕ ಇಳಿಯಿತು, ಆರಾಮಿದ್ದೇನೆ ಎಂದು ಎರಡನೆಯ ವರ್ಷ ಅವುಗಳನ್ನು ಬಿಡುವವರು ಬಹಳ. ಬಿ12ರ ದಾಸ್ತಾನು ಮುಗಿಯುವುದೂ ಆಗಲೇ.

ಹಾಗೆ ಬಿಟ್ಟು ವರ್ಷಗಳಾಗಿದ್ದರೆ ನಾಚಿಕೆಪಡದೆ ವೈದ್ಯರಲ್ಲಿ ಅದನ್ನೇ ಮೊದಲು ಹೇಳಿ. ಸಾಧ್ಯವಿದ್ದರೆ ಗುಳಿಗೆ ಮತ್ತೆ ಶುರುಮಾಡುವ ಮೊದಲು ರಕ್ತ ಕೊಟ್ಟುಬನ್ನಿ; ರಕ್ತಕಣಗಳ ಎಣಿಕೆ, ಬಿ12, ಫೋಲೇಟ್, ತಾಮ್ರ, ವಿಟಮಿನ್ ಡಿ, ಕ್ಯಾಲ್ಸಿಯಂ ಇಷ್ಟಾದರೂ ಅದರಲ್ಲಿರಲಿ. ರಕ್ತಹೀನತೆಗೆಂದು ಬರಿ ಫೋಲಿಕ್ ಆಮ್ಲದ ಗುಳಿಗೆಯನ್ನು ನೀವಾಗಿ ನುಂಗಬೇಡಿ, ಏಕೆಂದರೆ ಬಿ12 ಕೊರತೆಯಿದ್ದಾಗ ಅದು ರಕ್ತದ ವರದಿಯನ್ನು ಚೆನ್ನಾಗಿ ತೋರಿಸುತ್ತದೆ, ಒಳಗೆ ಬೆನ್ನುಹುರಿ ಹಾಳಾಗುವುದು ಮುಂದುವರಿಯುತ್ತಲೇ ಇರುತ್ತದೆ. ಬೇರೆ ಶಸ್ತ್ರಚಿಕಿತ್ಸೆಯೋ ಹಲ್ಲಿನ ಚಿಕಿತ್ಸೆಯೋ ಇದ್ದು ನೈಟ್ರಸ್ ಆಕ್ಸೈಡ್ ಅರಿವಳಿಕೆ ಕೊಡುವುದಿದ್ದರೆ ಬಿ12 ವರದಿಯನ್ನು ಮುಂಚೆಯೇ ತೋರಿಸಿ. ಆ ಅನಿಲ ಉಳಿದಿರುವ ಬಿ12ನ್ನೂ ನಿಷ್ಕ್ರಿಯಗೊಳಿಸುತ್ತದೆ. ಗರ್ಭಿಣಿಯಾಗುವ ಯೋಚನೆಯಿರುವವರು ಶಸ್ತ್ರಚಿಕಿತ್ಸೆಯ ನಂತರ ಒಂದರಿಂದ ಒಂದೂವರೆ ವರ್ಷ ಕಾಯಬೇಕು, ಮತ್ತು ತಾಯಿಯ ಬಿ12 ಕೊರತೆ ಎದೆಹಾಲಿನ ಮೂಲಕ ಕೂಸಿನ ಮಿದುಳಿನ ಬೆಳವಣಿಗೆಗೂ ತಟ್ಟುವುದರಿಂದ, ಮೊದಲ ತಪಾಸಣೆಯ ದಿನವೇ ಹೆರಿಗೆ ವೈದ್ಯರಿಗೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದ ಬರೆಸಿಕೊಂಡ ಚೀಟಿಯನ್ನು ತೋರಿಸಬೇಕು.